ಏಳನೇ ಲೆಕ್ಕದ ಗೋಡೆ

ಅಕ್ಕ ಕುಮುದ ಹತ್ತು ದಿನದ ನರ್ಸ್ ತರಬೇತಿಗೆಂದು ಹೊರಟ ಭಾನುವಾರ ಬೆಳಿಗ್ಗೆ ಮಗಳನ್ನು ನೋಡಿಕೊಳ್ಳುವ ಬಗ್ಗೆ ನನಗೆ ಕೊಟ್ಟ ಸೂಚನೆಗಳು ಮೂರು. ವಾರಿಜಾಗೆ ಬದನೆಕಾಯಿ ಕೊಡಬೇಡ, ಮೈ ಕೆರೆಯುತ್ತದೆ. ಅವಳ ಜಡೆಯನ್ನು ಎದುರುಮನೆಯ ಜುಲೇಖಾಬಿ ಹಾಕುತ್ತಾರೆ, ನೀನು ಕೈ ಹಾಕಬೇಡ. ಲೆಕ್ಕದವರು ಬಂದರೆ ಟೀ ಕೊಡು, ಸಹಿ ಹಾಕು, ಕಳಿಸು. ಮೂರನೆಯದನ್ನು ಅವಳು ಬಸ್ಸಿನ ಕಿಟಕಿಯಿಂದ ಇನ್ನೊಮ್ಮೆ ಹೇಳಿದಳು. ನಾನು ಮೊದಲೆರಡನ್ನು ಪಾಲಿಸಿದೆ.

ನಮ್ಮೂರಿನ ಮನೆಗಳಿಗೆ ಜಗಲಿ ಅಗಲ, ಟೀ ಪಾತ್ರೆ ದೊಡ್ಡದು. ಮಗು ಲೆಕ್ಕವನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಕೊನೆಯ ಪ್ರಶ್ನಾರ್ಥಕ ಚಿಹ್ನೆ ಹಾಕುವ ಹೊತ್ತಿಗೆ ಆ ಲೆಕ್ಕದಲ್ಲಿರುವವರು ಗೇಟಿನ ಮುಂದೆ ಬಂದಿರುತ್ತಾರೆ. ಮಗು ಉತ್ತರ ಬರೆದು, ಅದರ ಕೆಳಗೆ ಮನೆಯ ದೊಡ್ಡವರ ಸಹಿ ಬಿದ್ದ ಮೇಲೆ ಹೊರಡುತ್ತಾರೆ. ಪುಸ್ತಕದೊಳಗಿನ ಜನ ಇರುವುದು ಒಂದೇ ತಂಡ. ಅವರು ತರಗತಿಯ ಮೂವತ್ತೊಂದು ಮಕ್ಕಳ ಮನೆಗೂ ಸರದಿಯಲ್ಲಿ ಹೋಗಬೇಕು. ಹಾಗಾಗಿ ಯಾರೂ ಅವರನ್ನು ಹೆಚ್ಚು ಹೊತ್ತು ಕೂರಿಸಿಕೊಳ್ಳುವುದಿಲ್ಲ. ರೈಲಿನ ಲೆಕ್ಕಗಳನ್ನು ಶಾಲೆಯ ಮೈದಾನದಲ್ಲೇ ಮಾಡಿಸುತ್ತಾರೆ. ಒಂದು ನಲ್ಲಿ ತುಂಬಿಸುವ, ಇನ್ನೊಂದು ಖಾಲಿ ಮಾಡುವ ತೊಟ್ಟಿಯ ಲೆಕ್ಕ ಬಂದ ದಿನ ಬೀದಿಯ ಹೆಂಗಸರು ಕಂಬಳಿ ಒಗೆಯುತ್ತಾರೆ. ವಯಸ್ಸಿನ ಲೆಕ್ಕದ ತಂದೆ ಮಗನ ಜೊತೆ ಮಾತ್ರ ಯಾರೂ ಮಾತಿಗೆ ಕೂರುವುದಿಲ್ಲ. ವಯಸ್ಸೆಷ್ಟು ಎಂದು ಕೇಳಿದರೆ ತಂದೆ, ಆರು ವರ್ಷದ ಹಿಂದೆ ನಾನು ಇವನ ನಾಲ್ಕರಷ್ಟಿದ್ದೆ ಎನ್ನುತ್ತಾನೆ. ಟೀಗೆ ಸಕ್ಕರೆ ಎಷ್ಟು ಚಮಚ ಎಂದರೆ, ಮಗನಿಗೆ ಹಾಕಿದ್ದರ ಎರಡರಷ್ಟಕ್ಕಿಂತ ಒಂದು ಕಡಿಮೆ ಎನ್ನುತ್ತಾನೆ.

ನಾನು ಮದುವೆಯಾದವನಲ್ಲ. ಮಕ್ಕಳ ಮನೆಪಾಠಕ್ಕೆ ಸಹಿ ಹಾಕಿದ ಅನುಭವ ನನಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಊರಿನ ಪತ್ರಿಕೆಯಲ್ಲಿದ್ದೇನೆ. ಕಳೆದ ಒಂಬತ್ತು ವರ್ಷದಿಂದ ಶುಕ್ರವಾರದ ಮೂರನೇ ಪುಟದ ‘ತಿದ್ದುಪಡಿ’ ಅಂಕಣ ನನ್ನದು. ಸೇತುವೆಗೆ ಏಳು ಕಂಬ ಎಂದು ಅಚ್ಚಾಗಿದ್ದರೆ ಹೋಗಿ ಎಣಿಸಿ ಬಂದು, ಎಂಟು ಎಂದು ಬರೆಯುವುದು ಈ ಕೆಲಸ. ಕೇಳಿದ್ದನ್ನು ಅಚ್ಚು ಹಾಕಬೇಡ, ಕಂಡದ್ದನ್ನು ಹಾಕು ಎಂದು ನಮ್ಮ ಹಿಂದಿನ ಸಂಪಾದಕರು ಹೇಳುತ್ತಿದ್ದರು. ಅವರು ಹೀಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕುದುರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ವರ್ಷ ವಾರಿಜಾ ಐದನೇ ತರಗತಿಯಲ್ಲಿದ್ದಾಗ ಗಂಟೆಗೆ ಹನ್ನೆರಡು ಕಿಲೋಮೀಟರ್ ಓಡುವ ಕುದುರೆಯ ಲೆಕ್ಕ ಬಂದಿತ್ತು. ಅಂದು ನಾನು ಊಟಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಕುದುರೆಯನ್ನು ನೋಡಿದರೆ ಹನ್ನೆರಡರ ಕಳೆ ಇರಲಿಲ್ಲ. ಸೈಕಲ್ ಹತ್ತಿ ಅದರ ಹಿಂದೆ ಊರು ಸುತ್ತಿದೆ. ಹನ್ನೆರಡು ಕಿಲೋಮೀಟರಿಗೆ ಅದು ತೆಗೆದುಕೊಂಡದ್ದು ಒಂದು ಗಂಟೆ ಇಪ್ಪತ್ತು ನಿಮಿಷ, ಜುಲೇಖಾಬಿಯವರ ಬೇಲಿಯ ಸೌತೆಬಳ್ಳಿ ತಿನ್ನಲು ನಿಂತದ್ದೂ ಸೇರಿ. ಕುದುರೆಯ ವೇಗ ಒಂಬತ್ತು ಎಂದು ಆ ಶುಕ್ರವಾರ ಪ್ರಕಟಿಸಿದೆ. ಪಠ್ಯಪುಸ್ತಕ ಸಮಿತಿಯವರು ನಮ್ಮ ಪತ್ರಿಕೆಯನ್ನು ಗಂಭೀರವಾಗಿ ಓದುತ್ತಾರೆ. ಮುಂದಿನ ಮುದ್ರಣದಲ್ಲಿ ಕುದುರೆಯ ಜಾಗಕ್ಕೆ ಸ್ಕೂಟರ್ ಬಂತು. ಕುದುರೆಯನ್ನು ಆಮೇಲೆ ಯಾರೂ ನೋಡಿಲ್ಲ. ಮಕ್ಕಳು ಸ್ವಲ್ಪ ದಿನ ಬೆಲ್ಲ ಹಿಡಿದುಕೊಂಡು ಹುಡುಕಿದರು.

ಭಾನುವಾರ ಮಧ್ಯಾಹ್ನ ವಾರಿಜಾ ಜಗಲಿಯಲ್ಲಿ ಕೂತು ಆರನೇ ತರಗತಿಯ ಗಣಿತ ಪುಸ್ತಕದ ನಲವತ್ತಮೂರನೇ ಪುಟ ತೆರೆದಳು. ಏಳನೇ ಲೆಕ್ಕ: ಎಂಟು ಕೆಲಸಗಾರರು ಒಂದು ಗೋಡೆಯನ್ನು ಹದಿನೈದು ದಿನಗಳಲ್ಲಿ ಕಟ್ಟುತ್ತಾರೆ. ಅದೇ ಗೋಡೆಯನ್ನು ಹನ್ನೆರಡು ಕೆಲಸಗಾರರು ಎಷ್ಟು ದಿನಗಳಲ್ಲಿ ಕಟ್ಟುತ್ತಾರೆ? ಅವಳು ಪ್ರಶ್ನಾರ್ಥಕ ಚಿಹ್ನೆಯ ಚುಕ್ಕಿ ಇಟ್ಟಾಗ ಇಪ್ಪತ್ತು ಜನ ಗೇಟು ದಾಟಿ ಬಂದರು. ಹಿಂದೆ ಆರು ಗಾಡಿ ಇಟ್ಟಿಗೆ. ಎಂಟು ಜನ ಸೀದಾ ಜಗಲಿಯ ಮೇಲೆ ಕಾಲು ಚಾಚಿದರು. ಅವರ ಕೆಲಸ ಮೊದಲನೇ ವಾಕ್ಯದಲ್ಲೇ ಮುಗಿದಿತ್ತು. ಹನ್ನೆರಡು ಜನ ಅಂಗಳದಲ್ಲಿ ನಿಂತರು. ಅವರಲ್ಲಿ ಕೊನೆಯವಳು ಒಬ್ಬ ಮುದುಕಿ. ಕೈಯಲ್ಲಿ ಕರಣೆ ಹಿಡಿದಿದ್ದಳು, ಸೊಂಟ ಬಗ್ಗಿತ್ತು. ಪುಸ್ತಕದಲ್ಲಿ ಹೆಸರು ಕೊಡದವರಿಗೆ ಹೆಸರಿರುವುದಿಲ್ಲ. ವಾರಿಜಾ ಅವಳನ್ನು ನೋಡಿದ ಕೂಡಲೇ ಹನ್ನೆರಡಜ್ಜಿ ಎಂದು ಕರೆದಳು.

ನಾನು ಟೀ ಕೊಟ್ಟೆ. ಇಪ್ಪತ್ತು ಲೋಟ. ಅಷ್ಟರಲ್ಲಿ ಹುಡುಗಿ ಉತ್ತರ ಬರೆದು ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದಿದ್ದಳು.

“ಎಂಟು ಹದಿನೈದ್ಲಿ ನೂರಿಪ್ಪತ್ತು. ಹನ್ನೆರಡರಿಂದ ಭಾಗಿಸಿದ್ರೆ ಹತ್ತು. ಸಹಿ ಹಾಕು ಮಾಮ.”

ಎಲ್ಲರೂ ಲೋಟ ಕೆಳಗಿಟ್ಟು ಎದ್ದು ನಿಂತರು. ಇಡೀ ಪ್ರಕರಣಕ್ಕೆ ಹಿಡಿದದ್ದು ಕಾಲು ಗಂಟೆ. ಅಲ್ಲಿಗೆ ಮುಗಿಯಬೇಕಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು, “ಹತ್ತು ಅಂತ ಯಾರು ನೋಡಿದಾರೆ?” ಎಂದೆ.

ವಾರಿಜಾಗೆ ಪ್ರಶ್ನೆ ಅರ್ಥವಾಗಲಿಲ್ಲ. ಹನ್ನೆರಡು ಜನರ ಮೇಸ್ತ್ರಿ ದೊಡ್ಡ ಮೀಸೆಯ, ಸಮಾಧಾನದ ಮನುಷ್ಯ. ಅವನು ಮುಂದೆ ಬಂದು ವಿವರಿಸಿದ.

“ನೋಡೋದೇನಿದೆ ಸ್ವಾಮಿ? ಇಷ್ಟು ವರ್ಷದಲ್ಲಿ ನಾವು ಯಾರ ಮನೇಲೂ ಗೋಡೆ ಕಟ್ಟಿಲ್ಲ. ಬರ್ತೀವಿ, ಟೀ ಕುಡೀತೀವಿ, ಹತ್ತು ಅಂತಾರೆ, ಎದ್ದು ಹೋಗ್ತೀವಿ.”

“ಹಾಗಾದ್ರೆ ಹತ್ತು ಅನ್ನೋದಕ್ಕೆ ಆಧಾರ ಏನು?”

“ಪುಸ್ತಕ.”

“ಪುಸ್ತಕ ಕುದುರೆ ವಿಷಯದಲ್ಲೂ ಹೇಳಿತ್ತು,” ಎಂದೆ.

ಜಗಲಿಯ ಎಂಟು ಜನ ಮತ್ತೆ ಕೂತು ಕಾಲು ಮಡಚಿಕೊಂಡರು. ಹನ್ನೆರಡಜ್ಜಿ ಖಾಲಿ ಲೋಟವನ್ನು ಮತ್ತೆ ಎತ್ತಿಕೊಂಡು ಊದುತ್ತಿದ್ದಳು.

ನೋಡದೆ ಸಹಿ ಹಾಕುವುದಿಲ್ಲ ಎಂದು ತಿಳಿಸಿದೆ. ಕೋಪದಿಂದ ಹೇಳಿದ್ದಲ್ಲ, ಪತ್ರಿಕಾ ಕಚೇರಿಯಲ್ಲಿ ದಿನಕ್ಕೆ ಐದಾರು ಬಾರಿ ಹೇಳುವ ಮಾತು. ಮೇಸ್ತ್ರಿ ಸ್ವಲ್ಪ ಹೊತ್ತು ಮೀಸೆ ಸವರಿಕೊಂಡು, ಹಾಗಾದರೆ ಕಟ್ಟಿಯೇ ತೋರಿಸಬೇಕೇ ಎಂದು ಕೇಳಿದ. ಹೌದು ಎಂದೆ. ಅವನು ತನ್ನ ಜನರ ಕಡೆ ತಿರುಗಿದ. ನನಗೆ ಈಗ ನೆನಪಾಗುತ್ತದೆ, ಅವನು ಮೊದಲು ನೋಡಿದ್ದು ಮುದುಕಿಯನ್ನು.

ಎದುರುಮನೆಯ ಜುಲೇಖಾಬಿ ಬೇಲಿಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ನಾಲ್ಕು ಮಕ್ಕಳ ಲೆಕ್ಕ ದಾಟಿಸಿದೀನಿ ಪೇಪರಣ್ಣ,” ಎಂದರು. “ಒಂದಕ್ಕೂ ಸಾಕ್ಷಿ ಕೇಳ್ಲಿಲ್ಲ.” ಆಮೇಲೆ ಇಪ್ಪತ್ತು ಜನರ ಅಡುಗೆಗೆ ಎಷ್ಟು ಸೇರು ಅಕ್ಕಿ ಬೇಕು ಎಂದು ಬೆರಳು ಮಡಚುತ್ತ ಒಳಗೆ ಹೋದರು.

ಸಂಜೆಯೊಳಗೆ ಇಟ್ಟಿಗೆ ಎಣಿಸಿದೆ. ಹನ್ನೆರಡು ಸಾವಿರ. ಎಂಟು ಜನರನ್ನು ವಿಚಾರಿಸಿದಾಗ, ತಾವು ತಲಾ ದಿನಕ್ಕೆ ನೂರು ಕಟ್ಟಿದೆವು, ಹದಿನೈದು ದಿನಕ್ಕೆ ಮುಗಿಯಿತು ಎಂದರು. ಆ ಗೋಡೆ ಎಲ್ಲಿದೆ ಎಂದು ಕೇಳಿದ್ದಕ್ಕೆ ಅವರಲ್ಲಿ ದೊಡ್ಡವನು, ಮೊದಲನೇ ವಾಕ್ಯವನ್ನು ಪ್ರಶ್ನೆ ಮಾಡುವ ಪದ್ಧತಿ ಇಲ್ಲ ಸ್ವಾಮಿ ಎಂದ. ಅದನ್ನೂ ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಎಣಿಸಲು ಅನುಕೂಲವಾಗಲೆಂದು ಅಂಗಳದ ಮಧ್ಯೆ ಒಂದು ಕುರ್ಚಿ ಹಾಕಿಸಿಕೊಂಡೆ. ಅಟ್ಟದಲ್ಲಿ ಸಿಕ್ಕಿದ್ದು, ಒಂದು ಕಾಲು ಒಂದು ಗೇಣಿನಷ್ಟು ಮುರಿದಿತ್ತು. ಅದರಡಿಗೆ ಒತ್ತು ಕೊಟ್ಟು ಸರಿಮಾಡಿಕೊಂಡು ಕೂತೆ. ಹನ್ನೆರಡು ಜನರಿಗೂ ಒಂದರಿಂದ ಹನ್ನೆರಡರವರೆಗೆ ಸಂಖ್ಯೆ ಕೊಟ್ಟು, ಯಾರು ಎಷ್ಟು ಇಟ್ಟರು ಎಂದು ಗೆರೆ ಎಳೆಯುತ್ತ ಹೋದೆ.

ಗೋಡೆ ಎಲ್ಲಿ ಎಂದು ಪುಸ್ತಕ ಹೇಳಿರಲಿಲ್ಲ. ಇಟ್ಟಿಗೆ ಹೆಚ್ಚಿದ್ದರಿಂದ ಅವರು ಮನೆಯ ಸುತ್ತ ಪಾಯ ಹಿಡಿದರು. ಬಾಗಿಲಿಗೆ ಜಾಗ ಬಿಡಿ ಎಂದೆ. ಬಾಗಿಲು ಬೇಕಿದ್ದರೆ ಪ್ರಶ್ನೆಯಲ್ಲಿ ಬರೆದಿರಬೇಕಿತ್ತು ಎಂದು ಮೇಸ್ತ್ರಿ ಬೇಸರದಿಂದಲೇ ಹೇಳಿದ. ಅವನ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ನಾಲ್ಕನೇ ದಿನದಿಂದ ನಾವು ಏಣಿಯ ಮೇಲೆ ಓಡಾಡಿದೆವು. ಜುಲೇಖಾಬಿ ಗೋಡೆಯ ಆಚೆ ಸ್ಟೂಲಿನ ಮೇಲೆ ನಿಲ್ಲುತ್ತಿದ್ದರು, ವಾರಿಜಾ ಈಚೆ ಏಣಿಯ ಮೇಲೆ ಬೆನ್ನು ಮಾಡಿ ನಿಂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಬೀದಿಯವರು ಸರದಿಯಲ್ಲಿ ಅಡುಗೆ ಕಳಿಸಿದರು. ಯಾರೋ ಎಣ್ಣೆಗಾಯಿ ಕಳಿಸಿದ ದಿನ ನಾನು ಅದನ್ನು ಎಂಟು ಜನರಿಗೆ ಬಡಿಸಿ ಅಕ್ಕನ ಮೊದಲ ಸೂಚನೆಯನ್ನು ಕಾಪಾಡಿದೆ.

ಲೆಕ್ಕದವರು ಬಂದ ನಾಲ್ಕನೇ ಮನೆ ನಮ್ಮದು. ಇನ್ನೂ ಇಪ್ಪತ್ತೇಳು ಮನೆಗಳಲ್ಲಿ ಏಳನೇ ಲೆಕ್ಕ ಮಾಡುವಂತಿರಲಿಲ್ಲ. ಆ ಇಪ್ಪತ್ತೇಳು ಮಕ್ಕಳು ನನ್ನನ್ನು ಬೀದಿಯಲ್ಲಿ ಕಂಡಾಗ ನಮಸ್ಕಾರ ಮಾಡತೊಡಗಿದರು. ಏಣಿಯ ಬುಡದಲ್ಲಿ ದಿನವೂ ಒಂದೆರಡು ಸೀಬೆಹಣ್ಣು ಇರುತ್ತಿತ್ತು. ಅವರ ಅಪ್ಪ ಅಮ್ಮಂದಿರ ಅಭಿಪ್ರಾಯ ಬೇರೆಯಿತ್ತು. ಗಣಿತದ ಅಂಬುಜಾಕ್ಷಿ ಟೀಚರ್ ಐದನೇ ದಿನ ಖುದ್ದಾಗಿ ಬಂದು ಏಣಿ ಹತ್ತಿ, ಗೋಡೆಯ ಮೇಲಿಂದ ತಲೆ ಹಾಕಿ, ತಾವು ಈ ಪಾಠವನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿರುವುದಾಗಿಯೂ ಉತ್ತರ ಪ್ರತಿ ವರ್ಷವೂ ಹತ್ತೇ ಬಂದಿರುವುದಾಗಿಯೂ ತಿಳಿಸಿದರು. ನಾನು ಅದನ್ನು ಹೇಳಿಕೆ ಎಂದು ದಾಖಲಿಸಿಕೊಂಡೆ. ಅವರು ಇಳಿದು ಹೋದ ಮೇಲೂ ಸ್ವಲ್ಪ ಹೊತ್ತು ಏಣಿ ಅಲುಗಾಡುತ್ತಿತ್ತು.

ಆದರೆ ಮುಖ್ಯ ಸಂಗತಿ ನಡೆದದ್ದು ಎರಡನೇ ದಿನ. ಮೊದಲ ದಿನ ಹನ್ನೊಂದು ಜನ ತಲಾ ನೂರು ಇಟ್ಟಿದ್ದರು. ಹನ್ನೆರಡಜ್ಜಿ ಇಟ್ಟದ್ದು ಮೂವತ್ತು. ಎರಡನೇ ದಿನವೂ ಹನ್ನೊಂದು ಜನ ನೂರು, ಅಜ್ಜಿ ಮೂವತ್ತು. ಹತ್ತು ಇಟ್ಟಿಗೆ ಇಡುವುದು, ನನ್ನ ಕುರ್ಚಿಯ ಪಕ್ಕಕ್ಕೆ ಬಂದು ನೆಲದ ಮೇಲೆ ಕೂತು ಉಸಿರು ಬಿಡುವುದು, ಮತ್ತೆ ಏಳುವುದು, ಇದೇ ಅವಳ ದಿನ. ಅಂದರೆ ದಿನಕ್ಕೆ ಒಟ್ಟು ಸಾವಿರದ ನೂರಾ ಮೂವತ್ತು. ಹನ್ನೆರಡು ಸಾವಿರಕ್ಕೆ ಈ ವೇಗದಲ್ಲಿ ಹಿಡಿಯುವುದು ಹತ್ತು ದಿನ ಅಲ್ಲ. ಊಟದ ಹೊತ್ತು ಕಳೆದು ಎಂಟು ಗಂಟೆಯ ದಿನ ಎಂದು ಹಿಡಿದರೆ ಹತ್ತು ದಿನ ನಾಲ್ಕು ಗಂಟೆ ಐವತ್ತೇಳು ನಿಮಿಷ.

ಇಂಥ ಹೊತ್ತಿನಲ್ಲಿ ನನಗೆ ಒಂದು ಬಗೆಯ ತೃಪ್ತಿ ಆಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಸಂಜೆ ವಾರಿಜಾ ಶಾಲೆಯಿಂದ ಬಂದಾಗ ಅಂಕಣಕ್ಕೆ ಬರೆದಿಟ್ಟ ಕರಡನ್ನು ತೋರಿಸಿದೆ: ‘ಆರನೇ ತರಗತಿ ಗಣಿತ, ಪುಟ 43, ಲೆಕ್ಕ 7. ಉತ್ತರ 10 ದಿನ ಎಂದಿರುವುದನ್ನು 10 ದಿನ 4 ಗಂಟೆ 57 ನಿಮಿಷ ಎಂದು ಓದಿಕೊಳ್ಳಬೇಕು. ಹನ್ನೆರಡನೆಯವರ ವೇಗ ಉಳಿದವರ ಶೇಕಡ ಮೂವತ್ತು ಮಾತ್ರ.’ ಪೂರ್ತಿ ಗೋಡೆ ಮುಗಿದ ಮೇಲೆಯೇ ಅಚ್ಚಿಗೆ ಕೊಡುವುದು ಎಂದೂ ಹೇಳಿದೆ.

ಅವಳು ಎರಡು ಬಾರಿ ಓದಿದಳು. ಅವಳಿಗೆ ಹನ್ನೊಂದು ವರ್ಷ. ಸಿಟ್ಟು ಬಂದಾಗ ಮೂಗಿನ ತುದಿ ಮಾತ್ರ ಕೆಂಪಾಗುತ್ತದೆ.

“ಮಾಮ, ಇದು ಲೆಕ್ಕ. ಸುದ್ದಿ ಅಲ್ಲ.”

ಲೆಕ್ಕವೂ ನಿಜವಾಗಿರಬೇಕಲ್ಲ ಎಂದೆ.

“ನಿನ್ನೆ ಅಜ್ಜಿ ನನ್ನ ಹತ್ರ ಒಂದು ವಿಷಯ ಕೇಳಿದ್ರು. ಕುದುರೆ ಎಲ್ಲಿಗೆ ಹೋಯ್ತು ಅಂತ.”

“ನೀನೇನು ಹೇಳಿದೆ?”

“ಗೊತ್ತಿಲ್ಲ ಅಂದೆ. ನಿಂಗೆ ಗೊತ್ತಾ?”

ನನಗೂ ಗೊತ್ತಿರಲಿಲ್ಲ. ನಾನು ಯಾರನ್ನೂ ಪುಸ್ತಕದಿಂದ ತೆಗೆಸುವುದಿಲ್ಲ, ಅಂಕಿ ಬರೆಯುತ್ತೇನೆ ಅಷ್ಟೇ ಎಂದು ಸಮಜಾಯಿಷಿ ಕೊಟ್ಟೆ. “ಕುದುರೆಗೂ ಅಷ್ಟೇ ಮಾಡಿದ್ದೆ,” ಎಂದಳು. ಸಮಿತಿಯವರು ಏನು ಮಾಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಹನ್ನೆರಡು ಇದ್ದ ಕಡೆ ಹನ್ನೊಂದು ಎಂದು ಹಾಕಿದರೆ ಉತ್ತರ ಭಿನ್ನರಾಶಿಯಾಗುತ್ತದೆ; ಅದು ಅವರಿಗೆ ಬೇಡ. ಹತ್ತು ಎಂದು ಹಾಕುತ್ತಾರೆ. ಉತ್ತರ ಹನ್ನೆರಡು ದಿನ, ಸಲೀಸು. ಅಜ್ಜಿಯ ಜೊತೆ ಇನ್ನೊಬ್ಬನೂ ಹೋಗುತ್ತಾನೆ.

ಆದರೂ ಕಂಡದ್ದು ಕಂಡದ್ದೇ. ಎರಡು ದಿನಕ್ಕೆ ಆದದ್ದು ಎರಡು ಸಾವಿರದ ಇನ್ನೂರ ಅರವತ್ತು. ಹತ್ತನೇ ದಿನಕ್ಕೆ ಮುಗಿಯಬೇಕಾದರೆ ಉಳಿದ ಎಂಟು ದಿನ ದಿನಕ್ಕೆ ಸಾವಿರದ ಇನ್ನೂರ ಹದಿನೇಳೂವರೆ ಇಟ್ಟಿಗೆ ಬೇಕು. ಅರ್ಧ ಇಟ್ಟಿಗೆ ಇಡುವ ಕೆಲಸಗಾರ ಇಲ್ಲ. ಇದನ್ನು ಅವಳಿಗೆ ವಿವರಿಸಿದೆ. ಅವಳು ನನ್ನ ಕೈಯಿಂದ ಪೆನ್ಸಿಲ್ ಕಸಿದುಕೊಂಡು ಅಂಗೈ ಮೇಲೆ ಆ ಸಂಖ್ಯೆಯನ್ನು ಬರೆದುಕೊಂಡು ಅಂಗಳದ ಕಡೆ ಹೋದಳು.

ಮೂರನೇ ದಿನ ಕಟ್ಟಿದ ಇಟ್ಟಿಗೆ ಸಾವಿರದ ಇನ್ನೂರ ಹದಿನೆಂಟು. ನಾಲ್ಕನೇ ದಿನ ಸಾವಿರದ ಇನ್ನೂರ ಹದಿನೇಳು. ಐದನೇ ದಿನ ಹದಿನೆಂಟು, ಆರನೇ ದಿನ ಹದಿನೇಳು. ಇದು ಕಾಕತಾಳೀಯ ಎಂದು ನಂಬಲು ನನ್ನ ವೃತ್ತಿ ಬಿಡಲಿಲ್ಲ.

ಇನ್ನೂ ವಿಚಿತ್ರವೆಂದರೆ ಅಜ್ಜಿಯ ಪಾಲಿನ ಸಾಲು ಉಳಿದವರ ಸಾಲಿನಷ್ಟೇ ಉದ್ದ ಬೆಳೆಯುತ್ತಿತ್ತು. ಅವಳು ಇಡುತ್ತಿದ್ದದ್ದು ಆಗಲೂ ಮೂವತ್ತೇ. ನಾನು ಕಣ್ಣಾರೆ ಎಣಿಸುತ್ತಿದ್ದೆ. ಆದರೆ ನಾಲ್ಕನೆಯವನು ನೀರು ಕುಡಿಯಲು ಹೋಗುವಾಗ ಆ ಕಡೆಯಿಂದಲೇ ಹೋಗುತ್ತಿದ್ದ, ಹೋಗುತ್ತ ಎರಡು ಇಟ್ಟು ಹೋಗುತ್ತಿದ್ದ. ಅಷ್ಟು ನೀರು ಕುಡಿಯುವ ಮನುಷ್ಯನನ್ನು ನಾನು ನೋಡಿಲ್ಲ. ಒಂಬತ್ತನೆಯವಳಿಗೆ ಬೀಡಿ ಸೇದುವ ಚಟ; ಬೆಂಕಿಪೊಟ್ಟಣವನ್ನು ಅಜ್ಜಿಯ ಸಾಲಿನಲ್ಲೇ ಮರೆತು ಬರುತ್ತಿದ್ದಳು, ಹುಡುಕಲು ಹೋಗಿ ಮೂರು ಇಟ್ಟು ಬರುತ್ತಿದ್ದಳು. ಮೇಸ್ತ್ರಿ ತೂಕದ ದಾರ ಹಿಡಿದು ಗೋಡೆ ನೆಟ್ಟಗಿದೆಯೇ ನೋಡುವ ನೆಪದಲ್ಲಿ ಬಂದು ನಾಲ್ಕು. ಇವು ಯಾರ ಲೆಕ್ಕಕ್ಕೆ ಎಂದು ಕೇಳಿದೆ. ಯಾರ ಸಾಲಲ್ಲಿದೆಯೋ ಅವರ ಲೆಕ್ಕಕ್ಕೆ ಎಂದ.

ಜಗಲಿಯ ಎಂಟು ಜನರಿಗೆ ಇದನ್ನೆಲ್ಲ ನೋಡುತ್ತ ಸುಮ್ಮನೆ ಕೂರುವುದು ಕಷ್ಟವಾಗುತ್ತಿತ್ತು. ಅವರು ಒಂದು ಇಟ್ಟಿಗೆ ಮುಟ್ಟಿದರೂ ಇಡೀ ಲೆಕ್ಕ ಕೆಡುತ್ತದೆ. ಅವರಲ್ಲಿ ಕಿರಿಯವನೊಬ್ಬ ಕೈ ತಡೆಯಲಾರದೆ ಪೃಷ್ಠದಡಿ ಎರಡೂ ಅಂಗೈ ಇಟ್ಟುಕೊಂಡು ಕೂರುತ್ತಿದ್ದ.

ಅಜ್ಜಿ ನನ್ನ ಕುರ್ಚಿಯ ಪಕ್ಕ ಕೂತಾಗ ಮಾತಾಡುತ್ತಿರಲಿಲ್ಲ. ಕುರ್ಚಿಯ ಕಾಲುಗಳನ್ನು ನೋಡುತ್ತ ಕೂರುವಳು. ಗೌರವವಿರಬೇಕು ಎಂದುಕೊಂಡಿದ್ದೆ. ಏಳನೇ ದಿನ ಮಾತ್ರ ಒಮ್ಮೆ ಬಾಯಿಬಿಟ್ಟು, ಪಡುವಣ ಮೂಲೆಯಲ್ಲಿ ಗೋಡೆ ಹೊಟ್ಟೆ ಬಿಡುತ್ತಿದೆ, ಅವರಿಗೆ ಹೇಳಿ ಎಂದಳು. ನೋಡಿದರೆ ನಿಜ. ಮೇಸ್ತ್ರಿ ದಾರ ಹಿಡಿದಾಗ ಅರ್ಧ ಬೆರಳು ಹೊರಗಿತ್ತು. ಸಂಜೆಯೊಳಗೆ ತಿದ್ದಿದರು. ಅದು ಹಾಗೇ ಏರಿದ್ದರೆ ಒಂಬತ್ತನೇ ದಿನ ಗೋಡೆಯ ಆ ಭಾಗ ಜುಲೇಖಾಬಿಯವರ ಸ್ಟೂಲಿನ ಮೇಲಿರುತ್ತಿತ್ತು. ಇದನ್ನು ಎಲ್ಲಿ ಬರೆಯುವುದು ಎಂದು ನನ್ನ ಪಟ್ಟಿಯನ್ನು ತಿರುಗಿಸಿ ನೋಡಿದೆ. ಇಟ್ಟಿಗೆಗೆ ಮಾತ್ರ ಕಾಲಂ ಇತ್ತು.

ಬುಧವಾರ ಹತ್ತನೇ ದಿನ. ಬೆಳಿಗ್ಗೆಯಿಂದ ಗೋಡೆಯ ಆಚೆ ಜನ ಸೇರಿದ್ದರು. ಅಂಬುಜಾಕ್ಷಿ ಟೀಚರ್ ಶಾಲೆ ಬಿಟ್ಟ ಮೇಲೆ ಇಪ್ಪತ್ತೇಳು ಮಕ್ಕಳನ್ನೂ ಕರೆತಂದಿದ್ದರು. ಸಂಜೆ ಐದಕ್ಕೆ ಕೆಲಸದ ದಿನ ಮುಗಿಯುತ್ತದೆ. ಐದಕ್ಕೆ ಹತ್ತು ನಿಮಿಷವಿರುವಾಗ ಮೇಲಿನ ಸಾಲಿನಲ್ಲಿ, ಅಜ್ಜಿಯ ಪಾಲಿನ ಜಾಗದಲ್ಲಿ ಒಂದು ಸಂದು ಮಾತ್ರ ಉಳಿಯಿತು. ಸರಿಯಾಗಿ ಒಂದು ಇಟ್ಟಿಗೆಯಷ್ಟು. ಮೇಸ್ತ್ರಿ ಹಿಂದೆ ಕೈ ಚಾಚಿದ. ರಾಶಿ ಇದ್ದ ಜಾಗದಲ್ಲಿ ಕೆಂಪು ಧೂಳು ಬಿಟ್ಟರೆ ಏನೂ ಇರಲಿಲ್ಲ.

ನನ್ನ ಪಟ್ಟಿ ಕೂಡಿದೆ. ಹನ್ನೊಂದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಮತ್ತೆ ಕೂಡಿದೆ, ಅಷ್ಟೇ. ಗಾಡಿಯಿಂದ ಇಳಿಸಿದಾಗ ಹನ್ನೆರಡು ಸಾವಿರವಿದ್ದದ್ದು ನನ್ನದೇ ಎಣಿಕೆ. ಹುಡುಕಾಟ ಶುರುವಾಯಿತು. ಜುಲೇಖಾಬಿ ತಮ್ಮ ಕೋಳಿಗೂಡಿನ ಒಳಗೆ ಕೈಹಾಕಿ ನೋಡಿದರು. ಟೀಚರ್ ಮಕ್ಕಳ ಚೀಲ ತಪಾಸಣೆ ಮಾಡಿಸಿದರು. ಎರಡು ಬುಗುರಿ ಮತ್ತು ಯಾರೋ ಕಚ್ಚಿಟ್ಟ ಸೀಬೆಕಾಯಿ ಸಿಕ್ಕವು. ವಾರಿಜಾ ಒಲೆಯ ಹಿಂದೆ, ಉಪ್ಪಿನಕಾಯಿ ಜಾಡಿಯ ಕೆಳಗೆ, ಬಾವಿಕಟ್ಟೆಯ ಸುತ್ತ ಓಡಾಡಿದಳು. ಎಂಟು ಜನರ ಪೈಕಿ ಕಿರಿಯವನು ಅಂಗೈಗಳನ್ನು ಹೊರತೆಗೆದು ಎಲ್ಲರಿಗೂ ತೋರಿಸಿ, ನಾನು ಮುಟ್ಟಿಲ್ಲ ಎಂದ.

ಐದಕ್ಕೆ ನಾಲ್ಕು ನಿಮಿಷ. ನಾನು ಕುರ್ಚಿಯಲ್ಲಿ ಕೂತೇ ಗಡಿಯಾರ ನೋಡಿ, ಐದು ಹೊಡೆದರೆ ಉತ್ತರ ಹತ್ತು ಎಂದು ಸಹಿ ಹಾಕಲಾಗುವುದಿಲ್ಲ, ವಿಷಾದವಿದೆ, ಆದರೆ ಒಂದು ಇಟ್ಟಿಗೆ ಕಡಿಮೆಯಿರುವ ಗೋಡೆ ಅದೇ ಗೋಡೆಯಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ವಾರಿಜಾ ನೋಟ್‌ಬುಕ್ಕನ್ನು ಎದೆಗವಚಿಕೊಂಡು ನನ್ನ ಮುಂದೆ ಬಂದು ನಿಂತಳು. ಮೂಗಿನ ತುದಿಯಷ್ಟೇ ಅಲ್ಲ, ಕಣ್ಣೂ ಕೆಂಪಾಗಿತ್ತು.

ಆಗ ಹನ್ನೆರಡಜ್ಜಿ ನೆಲದಿಂದ ಎದ್ದಳು. ಮಂಡಿಗೆ ಒಂದು ಕೈ, ನನ್ನ ಕುರ್ಚಿಯ ತೋಳಿಗೆ ಒಂದು ಕೈ ಕೊಟ್ಟು ನಿಧಾನವಾಗಿ ಎದ್ದಳು.

“ಸ್ವಾಮಿ, ಒಸಿ ಎದ್ದೇಳ್ತೀರಾ?” ಎಂದಳು. “ನಿಮ್ಮ ಕುರ್ಚಿ ಕೆಳಗಿರೋದು ನಂದು.”

ನಾನು ಬಗ್ಗಿ ನೋಡಿದೆ. ಮುರಿದ ಕಾಲಿನ ಅಡಿಯಲ್ಲಿ ಇಟ್ಟಿಗೆಯೊಂದು ಲಂಬವಾಗಿ ನಿಂತಿತ್ತು. ಸೋಮವಾರ ಬೆಳಿಗ್ಗೆ ರಾಶಿಯಿಂದ ನಾನೇ ತೆಗೆದು ನಿಲ್ಲಿಸಿದ್ದು. ಗೇಣಿಗೆ ಗೇಣು ಸರಿಹೊಂದಿತ್ತು.

“ಹತ್ತು ದಿನದಿಂದ ಗೊತ್ತಿತ್ತಾ?” ಎಂದು ಕೇಳಿದೆ.

“ಪಕ್ಕದಲ್ಲೇ ಕೂರ್ತಿದ್ನಲ್ಲ.”

“ಮೊದಲೇ ಹೇಳ್ಬಾರ್ದಿತ್ತಾ?”

“ಎಣಿಸೋರನ್ನ ಎಬ್ಬಿಸಬಾರದು ಅಂತ ಸುಮ್ಕಿದ್ದೆ,” ಎಂದಳು. ಆಮೇಲೆ ದನಿ ತಗ್ಗಿಸಿ, “ನೀವೇ ನೋಡ್ಕೋತೀರಿ ಅಂದ್ಕೊಂಡೆ,” ಎಂದಳು.

ಎದ್ದೆ. ಅವಳು ಇಟ್ಟಿಗೆ ಎಳೆದುಕೊಂಡಳು. ಕುರ್ಚಿ ನನ್ನ ಪಟ್ಟಿಯ ಸಮೇತ ಮಗುಚಿತು. ಏಣಿಯ ಮೇಲೆ ಅವಳನ್ನು ಯಾರೂ ಎತ್ತಲಿಲ್ಲ, ಯಾರೂ ಅವಳ ಕೈಯಿಂದ ಇಟ್ಟಿಗೆ ತೆಗೆದುಕೊಳ್ಳಲಿಲ್ಲ. ನಾಲ್ಕನೆಯವನು ಏಣಿ ಹಿಡಿದುಕೊಂಡ, ಒಂಬತ್ತನೆಯವಳು ಗಾರೆಯ ಬಾಂಡ್ಲಿ ಹಿಡಿದುಕೊಂಡಳು. ಆರು ಮೆಟ್ಟಿಲು. ಅವಳು ಸಂದಿಗೆ ಗಾರೆ ಮೆತ್ತಿ, ಇಟ್ಟಿಗೆ ಕೂರಿಸಿ, ಕರಣೆಯ ಹಿಡಿಯಿಂದ ಎರಡು ಬಾರಿ ತಟ್ಟಿ, ಅಂಚಿಗೆ ಉಕ್ಕಿದ ಗಾರೆಯನ್ನು ಸವರಿ ತೆಗೆದಳು. ಅದನ್ನೆಲ್ಲ ಅವಸರವಿಲ್ಲದೆ ಮಾಡಿದಳು. ನನ್ನ ಗಡಿಯಾರದಲ್ಲಿ ಐದಕ್ಕೆ ಅರ್ಧ ನಿಮಿಷವಿತ್ತು. ಗಡಿಯಾರ ದಿನಕ್ಕೆ ಒಂದು ನಿಮಿಷ ನಿಧಾನ ಎಂಬುದು ನನಗೆ ಗೊತ್ತಿದೆ. ಅದನ್ನು ನಾನು ಅಂದು ಬೆಳಿಗ್ಗೆಯೇ ಸರಿಮಾಡಿಕೊಂಡಿದ್ದೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ವಾರಿಜಾ ನೋಟ್‌ಬುಕ್ ಚಾಚಿದಳು. ಹನ್ನೆರಡು ಜನ ಕೆಲಸಗಾರರು ಹತ್ತು ದಿನಗಳಲ್ಲಿ ಗೋಡೆ ಕಟ್ಟಿದ್ದರು. ಅದು ಕಣ್ಣಾರೆ ಕಂಡ ಸಂಗತಿ. ಯಾರು ಎಷ್ಟು ಕಟ್ಟಿದರು ಎಂಬುದೂ ನನ್ನ ಪಟ್ಟಿಯಲ್ಲಿ ಇತ್ತು, ಆದರೆ ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದಾಗ ಪುಸ್ತಕ ಅದನ್ನು ಕೇಳಿರಲಿಲ್ಲ. ಸಹಿ ಹಾಕಿದೆ. ಅವರು ಲೋಟಗಳನ್ನು ತೊಳೆದು ಜೋಡಿಸಿಟ್ಟು ಐದನೇ ಮನೆಯ ಕಡೆ ಹೊರಟರು. ಗೋಡೆ ಲೆಕ್ಕದ್ದಾದ್ದರಿಂದ ಅವರ ಜೊತೆಗೇ ಹೋಯಿತು. ಆಚೆ ನಿಂತಿದ್ದ ಇಪ್ಪತ್ತೇಳು ಮಕ್ಕಳಲ್ಲಿ ಯಾರ ಮುಖದಲ್ಲೂ ಸಂತೋಷ ಕಾಣಲಿಲ್ಲ.

ಅಕ್ಕ ಗುರುವಾರ ಬಂದಳು. ಅಂಗಳ ಗುಡಿಸಿತ್ತು, ಜಡೆ ಸರಿಯಾಗಿತ್ತು, ಮೈ ಕೆರೆತವಿರಲಿಲ್ಲ. ಲೆಕ್ಕದವರು ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರು, ಟೀ ಕೊಟ್ಟೆ, ಸಹಿ ಹಾಕಿದೆ, ಕಳಿಸಿದೆ ಎಂದೆ. ನಾಲ್ಕೂ ನಿಜ. ವಾರಿಜಾ ಕೆಮ್ಮಿದಳು. ಅಕ್ಕ ಸಮಾಧಾನದಿಂದ ಹತ್ತಿರವಿದ್ದ ಕುರ್ಚಿಯ ಮೇಲೆ ಕೂತಳು. ಅದರ ಕಾಲಿನ ವಿಷಯವನ್ನು ನಾನು ಹೇಳುವುದು ತಡವಾಯಿತು.

ಆ ಸಂಜೆ ಕಚೇರಿಗೆ ಹೋಗಿ ಕರಡನ್ನು ಹರಿದು ಹಾಕಿದೆ. ಅಂಕಣದಲ್ಲಿ ಆರು ಸಾಲು ಜಾಗ ಉಳಿಯಿತು. ಹತ್ತು ದಿನ ಒಂದು ಇಟ್ಟಿಗೆಯ ಮೇಲೆ ಕೂತು, ಅದೇ ಇಟ್ಟಿಗೆ ಕಾಣುತ್ತಿಲ್ಲ ಎಂದವನು ತನ್ನ ಹಳೆಯ ಲೆಕ್ಕಗಳನ್ನೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಹಿಂದಿನ ವರ್ಷದ ಟಿಪ್ಪಣಿ ಪುಸ್ತಕ ತೆಗೆದೆ. ಶುಕ್ರವಾರ ಅಂಕಣದಲ್ಲಿ ಇದು ಬಂತು: ‘ಕಳೆದ ವರ್ಷ ಐದನೇ ತರಗತಿ ಗಣಿತದ ಕುದುರೆಯ ವೇಗ ಗಂಟೆಗೆ 9 ಕಿ.ಮೀ. ಎಂದು ಪ್ರಕಟಿಸಿದ್ದೆವು. ಕುದುರೆ ಸೌತೆಬಳ್ಳಿ ತಿನ್ನಲು ನಿಂತಿದ್ದ 20 ನಿಮಿಷಗಳನ್ನೂ ಓಟಕ್ಕೆ ಸೇರಿಸಲಾಗಿತ್ತು. ಓಡಿದಷ್ಟು ಹೊತ್ತು ಅದು ಗಂಟೆಗೆ 12 ಕಿ.ಮೀ. ಓಡಿದೆ. ತಪ್ಪು ನಮ್ಮದು.’

ಜೂನ್‌ನಲ್ಲಿ ಹೊಸ ಮುದ್ರಣ ಬಂತು. ಅಂಗಡಿಯಲ್ಲೇ ನಿಂತು ಆರನೇ ತರಗತಿಯ ನಲವತ್ತಮೂರನೇ ಪುಟ ತೆರೆದೆ. ಹನ್ನೆರಡು ಜನ ಹನ್ನೆರಡೇ ಇದ್ದರು. ಐದನೇ ತರಗತಿಯ ಪುಸ್ತಕ ಪ್ಲಾಸ್ಟಿಕ್ ಹೊದಿಕೆಯಲ್ಲಿತ್ತು, ಬಿಚ್ಚಬಾರದು ಎಂದರು. ಹಾಗಾಗಿ ಅದರ ಬಗ್ಗೆ ಖಚಿತ ಮಾಹಿತಿ ನನಗೆ ದೊರೆತದ್ದು ಮುಂದಿನ ವಾರ, ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ. ಎದುರುಮನೆಯಿಂದ ಜುಲೇಖಾಬಿಯವರ ದನಿ ಕೇಳಿತು.

“ಪೇಪರಣ್ಣ, ಕೈ ತೊಳೆದು ಬನ್ನಿ. ನಿಮ್ಮ ಕುದುರೆ ನನ್ನ ಸೌತೆಬಳ್ಳಿ ತಿಂತಿದೆ.”